ಕಕ್ಕಡದಿಂದ ಕಕ್ಕಡಕ್ಕೆ ಒಂದು ಗೊರಸು

ನಮ್ಮನೇಲಿ ಕುದುರೆ ಇದೆ ಅಂತ ಗೊತ್ತಾದ ತಕ್ಷಣ ಜನ ಮೊದಲು ಕೇಳೋದು ಹಳೇ ಲಾಳ ಇದ್ರೆ ಒಂದು ಕೊಡಿ ಅಂತ. ಹೊಸಿಲಿಗೆ ಹೊಡೀಬೇಕಂತೆ. ಆಮೇಲೆ ಎರಡನೇ ಪ್ರಶ್ನೆ, ಕಪ್ಪು ಕುದುರೆದಾ? ಶನಿ ಕಾಟಕ್ಕೆ ಉಂಗುರ ಮಾಡ್ಸೋರಿಗೆ ಕಪ್ಪು ಕುದುರೆದೇ ಆಗ್ಬೇಕು. ನಮ್ಮ ಚುಕ್ಕಿ ಕಂದು ಬಣ್ಣ, ಹಣೆ ಮೇಲೆ ಬೊಟ್ಟಿನಷ್ಟು ಬಿಳಿ, ಹಾಗಾಗಿ ಅರ್ಧ ಜನ ಅಲ್ಲಿಗೇ ವಾಪಸ್ ಹೋಗ್ತಾರೆ.

ಅವಳು ಬಂದ ಮೊದಲನೇ ಮಳೆಗಾಲದಲ್ಲಿ ಕೇಳಿದ್ರೆ ಊರಿಗೆಲ್ಲ ಹಂಚ್ಬೋದಿತ್ತು, ಯಾಕಂದ್ರೆ ಲಾಳ ಕಾಲಲ್ಲಿ ನಿಲ್ತಾನೇ ಇರ್ಲಿಲ್ಲ. ಬೆಳಿಗ್ಗೆ ಕೊಟ್ಟಿಗೆಯಿಂದ ಬಿಟ್ರೆ ಸಂಜೆ ಮೂರು ಕಾಲಲ್ಲಿ ಲಾಳ, ಒಂದು ಕಾಲಲ್ಲಿ ಬರೀ ಮೊಳೆ ತೂತು. ನಾನು ಗಂಬೂಟ್ ಹಾಕ್ಕೊಂಡು ಕೆಸರಲ್ಲಿ ಕೈ ಹಾಕಿ ಹುಡುಕೋದು, ಲಾಳ ಸಿಗೋ ಮೊದ್ಲು ನಾಲ್ಕು ಜಿಗಣೆ ನನ್ನ ಕಾಲಿಗೆ ಸಿಕ್ಕಿರ್ತಿದ್ವು. ಲಾಳ ಬಿದ್ರೆ ಬೇರೆ ಹೊಡಿಸ್ಬೋದು ಮಾರಾಯ್ರೆ, ಅದು ಬೀಳುವಾಗ ಗೊರಸಿನ ಅಂಚನ್ನೂ ಬಿಸ್ಕತ್ ಮುರಿದ ಹಾಗೆ ಮುರ್ಕೊಂಡು ಬೀಳ್ತಿತ್ತು, ಅದೇ ಸಂಕಟ. ಮುಂದಿನ ಸಲ ಮೊಳೆ ಹೊಡಿಯೋಕೆ ಜಾಗವೇ ಇಲ್ಲ. ಇರೋ ಜಾಗದಲ್ಲೇ ಹೊಡೀತಾರೆ, ಅದೂ ಮುರಿಯುತ್ತೆ.

ಇದನ್ನ ಈಗ ಬರೀತಿರೋದು ಯಾಕಂದ್ರೆ ಹೋದ ವಾರ ಸಿದ್ದಾಪುರ ಕಡೆಯಿಂದ ಒಬ್ರು ಫೋನ್ ಮಾಡಿದ್ರು, ಅವರದ್ದೂ ರೇಸ್ ಬಿಟ್ಟ ಕುದುರೆ, ಅದೇ ಕತೆ, ಯಾವ ಎಣ್ಣೆ ಹಚ್ಚಿದ್ರಿ ಅಂತ ಕೇಳಿದ್ರು. ಫೋನಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ರೂ ಮುಗೀಲಿಲ್ಲ. ಎಣ್ಣೆ ಅಲ್ಲ ಅಂತ ಹೇಳೋದಕ್ಕೇ ಅರ್ಧ ಗಂಟೆ ಹೋಯ್ತು.

ಚುಕ್ಕಿ ತರೋಬ್ರೆಡ್. ಸ್ವಲ್ಪ ದಿನ ರೇಸು, ಆಮೇಲೆ ಮೈಸೂರಲ್ಲಿ ಒಂದು ರೈಡಿಂಗ್ ಶಾಲೆ, ಅಲ್ಲಿಂದ ಸುಂಟಿಕೊಪ್ಪದ ಹತ್ರ ಇರೋ ನಮ್ಮ ತೋಟಕ್ಕೆ. ಈ ಜಾತಿ ಕುದುರೆಗಳನ್ನ ಓಟಕ್ಕೆ ಅಂತಾನೇ ತಳಿ ಮಾಡಿದ್ದು, ಗೊರಸಿನ ಗೋಡೆ, ಅಂದ್ರೆ ಹೊರಗೆ ಸುತ್ತ ಕಾಣೋ ಗಟ್ಟಿ ಭಾಗ, ಸಾಮಾನ್ಯವಾಗಿ ತೆಳು, ಅಂಗಾಲು ಚಪ್ಪಟೆ, ಹಿಮ್ಮಡಿ ತಗ್ಗು. ನಮ್ಮ ದೇಶದ್ದೇ ಕಾಠಿಯಾವಾಡಿ, ಮಾರ್ವಾಡಿ ಕುದುರೆಗಳ ಗೊರಸು ಕಲ್ಲಿನ ಹಾಗೆ, ಅದರ ಪಕ್ಕ ಇವರದ್ದು ಪಿಂಗಾಣಿ. ಇದರ ಮೇಲೆ ರೇಸಲ್ಲಿದ್ದಷ್ಟು ದಿನ ಹಗುರದ ಅಲ್ಯೂಮಿನಿಯಂ ಲಾಳ ಹಾಕಿ ಹಾಕಿ ಬದಲಾಯಿಸ್ತಾ ಇರ್ತಾರೆ, ಪ್ರತಿ ಸಲ ಹೊಸ ಮೊಳೆ, ಹೊಸ ತೂತು. ಅವಳು ಲಾರಿಯಿಂದ ಇಳಿದ ದಿನದ ಫೋಟೋ ಈಗ ನೋಡಿದ್ರೆ ಎಲ್ಲಾ ಕಾಣುತ್ತೆ. ಮುಂಗಾಲಿನ ಗೊರಸು ಮುಂದಕ್ಕೆ ಚಾಚ್ಕೊಂಡು ಅದರ ಮೂತಿ, ಅಂದ್ರೆ ಮುಂದಿನ ತುದಿ, ಉದ್ದ, ಹಿಮ್ಮಡಿ ಕುಸಿದು ಒಳಗೆ ಮುದುಡಿದೆ, ಗೋಡೆ ಸುತ್ತ ಉಂಗುರ ಉಂಗುರ, ಕೆಳಗಿನ ಅರ್ಧದಲ್ಲಿ ಹಳೇ ತೂತುಗಳ ಸಾಲು. ಆಗ ಫೆಬ್ರವರಿ, ನೆಲ ಒಣಗಿತ್ತು, ಕಾಲು ತೊಳೆದು ಎಣ್ಣೆ ಹಚ್ಚಿ ಕಳ್ಸಿದ್ರು, ಮಿಂಚ್ತಿತ್ತು. ನಾನು ಅವಳ ಕಣ್ಣು ನೋಡ್ಕೊಂಡು ಸಂತೋಷವಾಗಿದ್ದೆ.

ಜೂನ್ ಬಂತು. ಕೊಡಗಿನ ಮಳೆ ಬಗ್ಗೆ ಕೊಡಗಿನವರಿಗೆ ಹೇಳೋದೇನಿದೆ, ಮಡಿಕೇರೀಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟೋದು ಮಾಮೂಲು, ನಮ್ಮ ಕಡೆ ಅದಕ್ಕಿಂತ ಕಮ್ಮಿ ಆದ್ರೂ ಕೊಡೆ ಮಡಿಚಿಡೋ ಹಾಗಿಲ್ಲ. ಆದ್ರೆ ಗೊರಸು ಹಾಳಾಗೋದು ಬರೀ ನೀರಿಗಲ್ಲ ಅಂತ ಆಮೇಲೆ ಗೊತ್ತಾಯ್ತು. ನೆನೆಯೋದು, ಒಣಗೋದು, ಮತ್ತೆ ನೆನೆಯೋದು, ಆ ತಿರುಗಾಟವೇ ಹಾಳು. ಗೊರಸು ನಮ್ಮ ಉಗುರಿನ ಹಾಗೇ ಕೆರಾಟಿನ್, ನೀರು ಕುಡಿದ್ರೆ ಉಬ್ಬಿ ಮೆತ್ತಗಾಗುತ್ತೆ, ಒಣಗಿದ್ರೆ ಕುಗ್ಗುತ್ತೆ. ಕಬ್ಬಿಣದ ಮೊಳೆ ಉಬ್ಬಲ್ಲ, ಕುಗ್ಗಲ್ಲ. ಬೆಳಿಗ್ಗೆಯೆಲ್ಲ ಕೆಸರಲ್ಲಿ ನಿಂತು ರಾತ್ರಿ ಒಳಗೆ ಒಣಗೋ ಗೊರಸಲ್ಲಿ ಮೊಳೆ ದಿನಾ ಒಂದು ಕೂದಲೆಳೆಯಷ್ಟು ಅಲ್ಲಾಡ್ತಾ ತೂತು ದೊಡ್ಡದಾಗುತ್ತೆ. ಹಳೇ ಬಾಗಿಲಿನ ಬಿಜಾಗರಿ ಸ್ಕ್ರೂ ಸಡಿಲ ಆಗೋದು ನೋಡಿದೀರಲ್ಲ, ಹಾಗೇ.

ಒಳಗೆ ಒಣಗುತ್ತೆ ಅಂದೆ. ಅದೂ ಸುಳ್ಳು. ಚುಕ್ಕಿಗೆ ಕೊಟ್ಟಿದ್ದು ನಮ್ಮ ಹಳೇ ದನದ ಕೊಟ್ಟಿಗೆ, ಅಪ್ಪನಿಗೆ ಕೊಟ್ಟಿಗೆ ಅಂದ್ರೆ ಸೊಪ್ಪು ಹಾಕ್ಬೇಕು, ಸಗಣಿ ಮೂತ್ರ ಎಲ್ಲ ಸೇರಿ ಕೊಳೀಬೇಕು, ತೋಟಕ್ಕೆ ಗೊಬ್ಬರ ಆಗ್ಬೇಕು. ನಲವತ್ತು ವರ್ಷದ ಅಭ್ಯಾಸ. ಹಸುಗಳು ಅದರಲ್ಲೇ ಬದುಕಿದ್ವು, ಕುದುರೆಗೇನು ಅಂತ. ಆ ಬಿಸಿ ಬಿಸಿ ಒದ್ದೆ ಸೊಪ್ಪಿನ ಮೇಲೆ ರಾತ್ರಿಯೆಲ್ಲ ನಿಂತ್ರೆ ಮೂತ್ರದ ಅಮೋನಿಯ ಗೊರಸನ್ನ ತಿನ್ನುತ್ತೆ. ಗೊಬ್ಬರ ಮಾತ್ರ ಚೆನ್ನಾಗಿ ಬಂತು, ಅದನ್ನ ಅಪ್ಪ ಈಗ್ಲೂ ನೆನೆಸ್ತಾರೆ.

ಲಾಳ ಹೊಡಿಯೋಕೆ ಒಬ್ರು ಬರ್ತಿದ್ರು. ಮಳೆ ಇದ್ರೆ ಬರಲ್ಲ, ಮದುವೆ ಸೀಸನ್ ಆದ್ರೆ ಬರಲ್ಲ, ಬಂದ್ರೆ ಇಪ್ಪತ್ತು ನಿಮಿಷದಲ್ಲಿ ನಾಲ್ಕೂ ಕಾಲು ಮುಗಿಸಿ ಟೀ ಕುಡಿದು ಹೊರಟೇಬಿಡೋರು. ತಂದಿದ್ದ ಲಾಳ ಚಿಕ್ಕದಾದ್ರೆ ಗೊರಸನ್ನೇ ಅರ ಹಾಕಿ ಉಜ್ಜಿ ಲಾಳದ ಅಳತೆಗೆ ತರೋರು. ನೋಡೋಕೆ ನೀಟಾಗಿ ಕಾಣ್ತಿತ್ತು, ನಾನೇ ಮೆಚ್ಚಿ ದುಡ್ಡು ಜಾಸ್ತಿ ಕೊಟ್ಟಿದೀನಿ ಒಂದ್ಸಲ. ಗೊರಸಿನ ಹೊರಗಿನ ಪದರವೇ ಅದಕ್ಕೆ ರೇನ್‌ಕೋಟ್, ಅದನ್ನ ಉಜ್ಜಿ ತೆಗೆದ್ರೆ ನೀರು ಒಳಗೆ ಹೋಗೋದೂ ಸುಲಭ, ಒಣಗಿ ಬಿರುಕು ಬಿಡೋದೂ ಸುಲಭ ಅಂತ ಆಗ ಯಾರು ಹೇಳ್ಬೇಕಿತ್ತು. ತಪ್ಪು ಪೂರಾ ಅವರ ತಲೆ ಮೇಲೆ ಹಾಕಲ್ಲ. ಐದಾರು ವಾರಕ್ಕೊಂದ್ಸಲ ಆಗ್ಬೇಕಾದ ಕೆಲಸಾನ ಹತ್ತು ವಾರ ಎಳೆದಿದ್ದು ನಾನೂ ಹೌದು, "ಲಾಳ ಇನ್ನೂ ಗಟ್ಟಿ ಇದೆಯಲ್ಲ" ಅಂತ. ಲಾಳ ಗಟ್ಟಿ ಇರುತ್ತೆ, ಬೇಗ ಸವೆಯಲ್ಲ, ಅದೇ ಮೋಸ. ಬರಿಗಾಲ ಕುದುರೆ ಓಡಾಡ್ತಾ ಗೊರಸು ತಾನೇ ಸವೆಯುತ್ತೆ, ಲಾಳ ಹೊಡೆದ ಕುದುರೆಗೆ ಆ ದಾರಿ ಇಲ್ಲ, ಗೊರಸು ಬೆಳೀತಾ ಬೆಳೀತಾ ಲಾಳವನ್ನ ಮುಂದಕ್ಕೆ ಎಳ್ಕೊಂಡು ಹೋಗುತ್ತೆ, ಹಿಮ್ಮಡಿಗೆ ಆಧಾರ ತಪ್ಪುತ್ತೆ.

ಇನ್ನು ಎಣ್ಣೆ. ಆನ್‌ಲೈನಲ್ಲಿ ಸಿಗೋ ಹೂಫ್ ಆಯಿಲ್ ಎಲ್ಲಾ ತರಿಸಿದೆ. ಡಬ್ಬಿ ಮೇಲೆ ಹೊಳೆಯೋ ಗೊರಸಿನ ಚಿತ್ರ. ದಿನಾ ಬ್ರಶ್ ತಗೊಂಡು ಪಾಲಿಶ್ ಮಾಡಿದ ಹಾಗೆ ಹಚ್ಚಿದ್ದೇ ಹಚ್ಚಿದ್ದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ, ಅದನ್ನ ಅಕ್ಷರಶಃ ಮಾಡ್ತಿದ್ದೆ. ಗೋಡೆಯ ಆ ಭಾಗಕ್ಕೆ ಜೀವವೇ ಇಲ್ಲ, ನಮ್ಮ ಉಗುರಿನ ತುದಿ ಹಾಗೆ, ಅದಕ್ಕೆ ಹೊರಗಿಂದ ಏನು ತಿನ್ಸಿದ್ರೂ ಗಟ್ಟಿ ಆಗಲ್ಲ. ಮೊದಲೇ ನೆನೆದಿರೋ ಗೊರಸಿನ ಮೇಲೆ ದಪ್ಪ ಜಿಡ್ಡು ಬಳಿದ್ರೆ ಒಳಗಿನ ತೇವ ಒಳಗೇ ಕೂರುತ್ತೆ ಅಷ್ಟೆ.

ಜುಲೈ ಕೊನೆಗೆ ವಾಸನೆ ಶುರು ಆಯ್ತು. ಕಾಲೆತ್ತಿ ನೋಡಿದ್ರೆ ಅಂಗಾಲಿನ ನಡುವೆ ಇರೋ ಆ ತ್ರಿಕೋನದ ಮೆತ್ತನೆ ಭಾಗ, ಕುದುರೆ ಕೆಲಸದವರು ಪುತಲಿ ಅಂತಾರೆ, ಅದರ ಸಂದೀಲಿ ಕಪ್ಪು ಗಸಿ. ಕೊಳೆತ ವಾಸನೆ, ಕೈ ತೊಳೆದ್ರೂ ಹೋಗಲ್ಲ, ಊಟದ ತಟ್ಟೆವರೆಗೂ ಬರುತ್ತೆ. ಕಕ್ಕಡ ಅಂದ್ರೆ ಕೊಡಗಲ್ಲಿ ಜೋರು ಮಳೆಯ ತಿಂಗಳು, ಅದರ ಹದಿನೆಂಟನೇ ದಿನ, ಆಗಸ್ಟ್ ಮೊದಲ ವಾರ, ಮದ್ದು ಸೊಪ್ಪಿನ ಪಾಯಸ ಮಾಡ್ತೀವಿ, ಅದನ್ನ ಆ ವರ್ಷ ನಾನು ಎಡಗೈಯಲ್ಲಿ ತಿಂದೆ. ಥ್ರಶ್ ಅಂತಾರೆ ಈ ರೋಗಕ್ಕೆ, ಗಾಳಿ ಇಲ್ಲದ ಒದ್ದೆ ಸಂದೀಲಿ ಬೆಳೆಯೋ ಬ್ಯಾಕ್ಟೀರಿಯ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳ್ಬೇಕು, ಕೊಡಗಿನವ್ರು ಯಾರಾದ್ರೂ ಇದನ್ನೇ ಮಾಡ್ತಾರೆ ಅಂತ ನನಗೆ ಖಾತ್ರಿ. ಮಳೆಗಾಲದಲ್ಲಿ ನಮ್ಮ ಎಲ್ಲರ ಮನೇಲೂ ಮೈಲುತುತ್ತ ಇರುತ್ತೆ, ಸುಣ್ಣದ ಜೊತೆ ಸೇರ್ಸಿ ಬೋರ್ಡೋ ದ್ರಾವಣ ಮಾಡಿ ಕಾಫಿಗೆ, ಮೆಣಸಿನ ಬಳ್ಳಿಗೆ, ಅಡಿಕೆಗೆ ಹೊಡೀತೀವಿ. ಕೊಳೆರೋಗಕ್ಕೆ ಆಗುತ್ತೆ ಅಂದ್ರೆ ಈ ಕೊಳೆತಕ್ಕೂ ಆಗ್ಬೇಕಲ್ಲ. ಆಗುತ್ತೆ ಕೂಡ, ಹಸುಗಳ ಕಾಲಿಗೆ ತೆಳುವಾಗಿ ಕಲಸಿದ ಮೈಲುತುತ್ತದ ನೀರು ಬಳಸ್ತಾರೆ. ನಾನು ತೆಳುವಾಗಿ ಕಲಸ್ಲಿಲ್ಲ. ಪುಡೀನೇ ಸ್ವಲ್ಪ ನೀರಲ್ಲಿ ಪೇಸ್ಟ್ ಮಾಡಿ ಹತ್ತೀಲಿ ಅದ್ದಿ ಸಂದೀಲಿ ತುರುಕಿದೆ. ಎರಡು ದಿನಕ್ಕೆ ವಾಸನೆ ಹೋಯ್ತು, ಖುಷಿ. ಮೂರನೇ ದಿನ ಚುಕ್ಕಿ ಕಾಲೂರೋಕೆ ಒಪ್ತಿಲ್ಲ. ಕೊಳೆತ ಭಾಗದ ಜೊತೆ ಅದರಡಿ ಇದ್ದ ಜೀವಂತ ಚರ್ಮವನ್ನೂ ಸುಟ್ಟಿದ್ದೆ.

ಡಾಕ್ಟ್ರು ಬಂದ್ರು. ನಮ್ಮ ಕಡೆ ಪಶು ಡಾಕ್ಟ್ರಿಗೆ ಹಸು, ಹಂದಿ, ನಾಯಿ ಇದೇ ದಿನಚರಿ, ಕುದುರೆ ಅಪರೂಪ, ಆದ್ರೆ ಇವರು ಓದೋವಾಗ ಕುದುರೆಗಳ ಜೊತೆ ಕೆಲಸ ಮಾಡಿದವ್ರು. ಬೈದ್ರು. ಸಡಿಲ ಆಗಿದ್ದ ಪುತಲಿಯ ಚೂರುಗಳನ್ನ ಚಾಕುವಲ್ಲಿ ತೆಗೆದು, ದಿನಾ ಕಾಲು ಕೆರೆದು ಕ್ಲೀನ್ ಮಾಡಿ ಒಣಗಿಸಿ ತೆಳುವಾದ ಪೊವಿಡೋನ್ ಅಯೋಡಿನ್ ಹಾಕಿ, ಸಂದೀಲಿ ಹತ್ತಿ ಇಟ್ಟು ಮಾರನೇ ದಿನ ಬದಲಾಯಿಸಿ ಅಂದ್ರು. "ಔಷಧಿಗಿಂತ ಒಣ ನೆಲ ಮುಖ್ಯ, ಅದಿಲ್ದೆ ಇದೆಲ್ಲ ಹಾಕಿದ್ರೆ ವೇಸ್ಟು." ಆಮೇಲೆ ಜಗಲೀಲಿ ಕೂತು ಕಾಫಿ ಕುಡೀತಾ ಒಂದು ಮಾತು ಹೇಳಿದ್ರು, ನನ್ನ ತಲೆ ತಿರುಗಿಸಿದ್ದು ಅದೇ. ಗೊರಸು ಬೆಳೆಯೋದು ಮೇಲಿಂದ, ಕೂದಲು ಮುಗಿದು ಗೊರಸು ಶುರುವಾಗೋ ಅಂಚಿನಿಂದ, ತಿಂಗಳಿಗೆ 6ರಿಂದ 10 ಮಿಲಿಮೀಟರ್. ಮುಂದಿನ ಮೂತಿ ಕಡೆ ಮೇಲಿಂದ ನೆಲದವರೆಗೆ ಬರೋಕೆ 9ರಿಂದ 12 ತಿಂಗಳು, ಹಿಮ್ಮಡಿ ಕಡೆ ಎತ್ತರ ಕಮ್ಮಿ ಇರೋದ್ರಿಂದ ನಾಲ್ಕೈದು ತಿಂಗಳಿಗೇ ಹೊಸದಾಗುತ್ತೆ. "ನೀವೀಗ ನೋಡ್ತಿರೋ ಮುರಿದ ಗೊರಸು ಹೋದ ವರ್ಷದ್ದು, ಅದು ಮೈಸೂರಲ್ಲಿ ಹುಟ್ಟಿದ್ದು. ಅದನ್ನ ರಿಪೇರಿ ಮಾಡೋಕಾಗಲ್ಲ. ಈವತ್ತು ಮೇಲೆ ಹುಟ್ತಿದೆಯಲ್ಲ, ಅದನ್ನ ಚೆನ್ನಾಗಿ ಹುಟ್ಸಿ, ಅದು ಕೆಳಗಿಳಿಯೋವರೆಗೆ ಹಳೇದನ್ನ ಹೇಗಾದ್ರೂ ಉಳಿಸ್ಕೊಳ್ಳಿ."

ಅವತ್ತಿಂದ ನಾನು ಅವಳ ಗೊರಸನ್ನ ಡೈರಿ ತರ ಓದೋಕೆ ಶುರು ಮಾಡಿದೆ. ಉಂಗುರಗಳು ಇವೆಯಲ್ಲ, ಪ್ರತಿಯೊಂದು ಒಂದೊಂದು ಘಟನೆ. ಜ್ವರ ಬಂದಿದ್ದು, ಮೇವು ಬದಲಾಗಿದ್ದು, ಲಾರಿ ಪ್ರಯಾಣ. ಹಿಮ್ಮಡಿ ಕಡೆ ಅಗಲ, ಮುಂದೆ ಒತ್ತೊತ್ತಾಗಿ ಉಂಗುರ ಬಂದ್ರೆ ಮಾತ್ರ ಹೆದರ್ಬೇಕು, ಅದು ಲ್ಯಾಮಿನೈಟಿಸ್ ಅನ್ನೋ ದೊಡ್ಡ ಕಾಯಿಲೆಯ ಗುರುತು ಇರ್ಬೋದು. ಚುಕ್ಕಿದು ಸದ್ಯ ಅದಲ್ಲ ಅಂತ ಡಾಕ್ಟ್ರು ಅವತ್ತೇ ನೋಡಿ ಹೇಳಿದ್ರು.

ಲಾಳಕ್ಕೆ ಬೇರೆಯವ್ರು ಬೇಕಿತ್ತು. ಮೈಸೂರಲ್ಲಿ ರೇಸ್ ಕೋರ್ಸು, ದಸರಾಕ್ಕೆ ಹೋಗೋ ಪೊಲೀಸ್ ಅಶ್ವದಳ, ಟಾಂಗಾಗಳು ಎಲ್ಲಾ ಇರೋದ್ರಿಂದ ಈ ಕಸುಬು ಗೊತ್ತಿರೋರು ಅಲ್ಲಿ ಉಳ್ಕೊಂಡಿದಾರೆ. ಕೇಳಿ ಕೇಳಿ ಒಬ್ರು ಸಿಕ್ಕಿದ್ರು, ಅರವತ್ತು ದಾಟಿದವ್ರು, ನಾವೆಲ್ಲ ಚಾಚಾ ಅಂತೀವಿ. ನೂರು ಕಿಲೋಮೀಟರ್ ದೂರ, ಬಸ್ಸಲ್ಲಿ ಸಾಮಾನು ಹೊತ್ತು ಬರ್ಬೇಕು, ಆರು ವಾರಕ್ಕೊಂದ್ಸಲ ಬರ್ತೀನಿ ಆದ್ರೆ ಕ್ಯಾಲೆಂಡರಲ್ಲಿ ಬರೆದಿಡಿ, ಕೊನೆ ಘಳಿಗೇಲಿ ಮುಂದಕ್ಕೆ ಹಾಕೋ ಹಾಗಿಲ್ಲ ಅಂದ್ರು. ಮೊದಲು ಬಂದಿದ್ದು ಸೆಪ್ಟೆಂಬರ್ ಮೂರಕ್ಕೆ, ಕೈಲ್ ಮುಹೂರ್ತದ ದಿನ. ಪಕ್ಕದ ಮನೇಲೆಲ್ಲ ಕೋವಿ ಕತ್ತಿಗೆ ಪೂಜೆ, ನಮ್ಮ ಅಂಗಳದಲ್ಲಿ ಚಾಚಾದು ಅರ, ಇಕ್ಕಳ, ಸುತ್ತಿಗೆ. ಅಪ್ಪ ಸುಮ್ನೆ ಹೋಗಿ ಅದಕ್ಕೂ ಎರಡು ಹೂ ಇಟ್ಟು ಬಂದ್ರು, ಚಾಚಾ ನಕ್ಕು ಬಿಟ್ರು.

ಬಂದವ್ರು ಸಾಮಾನು ಬಿಚ್ಲಿಲ್ಲ ಮೊದ್ಲು. ಚುಕ್ಕಿನ ಸಿಮೆಂಟ್ ಕಣದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಸಿ ಅಂದ್ರು, ಅವರು ಕುಕ್ಕರಗಾಲಲ್ಲಿ ಕೂತು ನೋಡಿದ್ರು, ಆಮೇಲೆ ಕಣ್ಣು ಮುಚ್ಚಿ ಹೆಜ್ಜೆ ಸದ್ದು ಕೇಳಿದ್ರು. "ಅಮ್ಮ, ಮೂತಿ ಮೊದ್ಲು ನೆಲಕ್ಕೆ ಬೀಳ್ತಿದೆ. ಹಿಮ್ಮಡಿ ಊರೋಕೆ ಹೆದರ್ತಾಳೆ." ಲಾಳ ಬಿಚ್ಚೋದಕ್ಕೇ ಕಾಲು ಗಂಟೆ. ಮೊಳೆಯ ಮಡಿಚಿದ ತುದಿಗಳನ್ನ ಒಂದೊಂದಾಗಿ ಬಿಡಿಸಿ, ಒಂದೊಂದೇ ಮೊಳೆ ಎಳೆದು ತೆಗೆದ್ರು, ಹಿಂದಿನವರ ಹಾಗೆ ಲಾಳಕ್ಕೆ ಇಕ್ಕಳ ಹಾಕಿ ತಿರುಚಿ ಕೀಳ್ಲಿಲ್ಲ. ಇದ್ದ ಚೂರು ಗೋಡೇನೂ ಹಾಗೆ ಕಿತ್ತಾಗಲೇ ಅರ್ಧ ಹೋಗೋದು ಅಂತ ನೋಡಿದ್ಮೇಲೆ ಗೊತ್ತಾಯ್ತು.

ಮೂತಿಯನ್ನ ಹಿಂದಕ್ಕೆ ತಂದ್ರು, ಒಂದೇ ಸಲಕ್ಕೆ ಅಲ್ಲ, ಮೂರು ನಾಲ್ಕು ಸಲಕ್ಕೆ ಹಂಚಿ. ಅಂಗಾಲು ಮೊದಲೇ ತೆಳು, ಅದನ್ನ ಮುಟ್ಲೇ ಇಲ್ಲ. ಆಮೇಲೆ ಲಾಳ, ಗೊರಸಿಗಿಂತ ಹಿಂದೆ ಸ್ವಲ್ಪ ಅಗಲವಾಗಿ ಹೊರಗೆ ಕಾಣೋ ಹಾಗೆ, ಹಿಮ್ಮಡಿ ಹಿಂದಕ್ಕೂ ಆಸರೆ ಇರೋ ಹಾಗೆ. ನನಗೆ ದೊಡ್ಡಣ್ಣನ ಚಪ್ಪಲಿ ಹಾಕಿದ ಹಾಗೆ ಕಾಣ್ತು, ಹೇಳಿದೆ ಕೂಡ. ಕುದುರೆ ಕಾಲೂರಿದಾಗ ಹಿಮ್ಮಡಿ ಅಗಲಿಸುತ್ತೆ, ಎತ್ತಿದಾಗ ಕೂಡುತ್ತೆ, ಅಗಲಿಸೋಕೆ ಜಾಗ ಬೇಕಲ್ಲ ಅಂದ್ರು. ಅದಕ್ಕೇ ಮೊಳೆಗಳನ್ನೂ ಗೊರಸಿನ ಅತಿ ಅಗಲದ ಜಾಗಕ್ಕಿಂತ ಮುಂದೇನೇ ನಿಲ್ಲಿಸ್ತಾರೆ, ಹಿಮ್ಮಡಿ ಕಡೆ ಮೊಳೆ ಹೊಡೆದ್ರೆ ಗೊರಸನ್ನ ಕಟ್ಟಿ ಹಾಕಿದ ಹಾಗೆ. ತೆಳು ಮೊಳೆ, ಎಂಟರ ಬದ್ಲು ಆರು. ಲಾಳದ ಮೊಳೆ ಸಾದಾ ಮೊಳೆ ತರ ಅಲ್ಲ ನೋಡಿ, ತುದೀಲಿ ಒಂದು ಕಡೆ ಓರೆ ಇರುತ್ತೆ, ಆ ಓರೆಯಿಂದ ಅದು ಬಾಗಿ ಗೋಡೆಯಿಂದ ಹೊರಗೆ ಬರುತ್ತೆ. ಉಲ್ಟಾ ಹಿಡಿದು ಹೊಡೆದ್ರೆ ಒಳಗಿನ ಮಾಂಸಕ್ಕೇ ಹೋಗುತ್ತೆ. ಅಂಗಾಲಿನ ಸುತ್ತ, ಅದು ಗೋಡೆಗೆ ಸೇರೋ ಜಾಗದಲ್ಲಿ, ಬಿಳಿ ಗೆರೆ ಅಂತ ಒಂದಿದೆ, ಅದರ ಹೊರಗೆ ಮಾತ್ರ ಮೊಳೆ. ಚಾಚಾ ಪ್ರತಿ ಏಟಿನ ಸದ್ದು ಕೇಳ್ತಾರೆ, ಗಟ್ಟಿ ಗೋಡೇಲಿ ಹೋಗೋ ಮೊಳೆದು ಖಣ್ ಅಂತ ಸದ್ದು, ಮೆತ್ತಗಿನ ಕಡೆ ಹೋದ್ರೆ ದೊಪ್ ಅಂತ, ದೊಪ್ ಅಂದ ತಕ್ಷಣ ಎಳೆದು ತೆಗೀತಾರೆ. ಎಡಗಾಲಲ್ಲಿ ಮುರಿದಿದ್ದ ಜಾಗಕ್ಕೆ ಮೊಳೆನೇ ಇಲ್ಲ, ಲಾಳದ ಅಂಚಲ್ಲೇ ಸಣ್ಣ ಕಿವಿ ತರ ಮೇಲಕ್ಕೆ ಬಡಿದು ಗೋಡೆಗೆ ಒರಗಿಸಿದ್ರು. ಕೊನೇಲಿ ಮೊಳೆ ತುದಿ ಮಡಿಚಿ ಅಷ್ಟಕ್ಕೆ ಮಾತ್ರ ಅರ. ಗೋಡೆ ಮೇಲೆ ಅರ ಆಡಿಸ್ಲೇ ಇಲ್ಲ. ನೀಟಾಗಿ ಕಾಣ್ತಿರ್ಲಿಲ್ಲ, ನಿಜ ಹೇಳ್ಬೇಕಂದ್ರೆ. ಎರಡೂವರೆ ಗಂಟೆ ಆಯ್ತು.

ಹಿಂಗಾಲು ಎರಡಕ್ಕೂ ಲಾಳ ಬೇಡ, ನೀನು ರಸ್ತೇಲಿ ಓಡ್ಸಲ್ವಲ್ಲ ಅಂದ್ರು. ಅವತ್ತಿಂದ ಹಿಂಗಾಲೆರಡೂ ಬರಿಗಾಲು.

ಇನ್ನು ಮೇವಿನ ವಿಷ್ಯ, ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಉತ್ತರ ಇಲ್ಲೇ ಇರೋದು, ಜನ ಕೇಳೋಕೆ ಇಷ್ಟ ಪಡಲ್ಲ. ನಾನು ಕೊಡ್ತಿದ್ದಿದ್ದು ಭತ್ತದ ಹುಲ್ಲು, ನೇಪಿಯರ್, ಗೋಧಿ ಬೂಸಾ, ಬೇಯಿಸಿದ ಹುರುಳಿ, ಒಂದೊಂದ್ಸಲ ತೌಡು. ಹೊಟ್ಟೆ ತುಂಬ್ತಿತ್ತು. ಆದ್ರೆ ಬೂಸಾದಲ್ಲಿ ರಂಜಕ, ಅಂದ್ರೆ ಫಾಸ್ಫರಸ್, ಇರೋದು ಸುಣ್ಣದಂಶಕ್ಕಿಂತ, ಅಂದ್ರೆ ಕ್ಯಾಲ್ಸಿಯಂಗಿಂತ, ಸುಮಾರು ಹತ್ತು ಪಟ್ಟು, ತೌಡಲ್ಲಿ ಇನ್ನೂ ಜಾಸ್ತಿ. ಕುದುರೆಗೆ ಕ್ಯಾಲ್ಸಿಯಂ ಯಾವತ್ತೂ ರಂಜಕದಷ್ಟಾದ್ರೂ ಇರ್ಬೇಕು, ಅದಕ್ಕಿಂತ ಜಾಸ್ತಿ ಇದ್ರೆ ಇನ್ನೂ ಒಳ್ಳೇದು. ಮೇಲಿಂದ ನೇಪಿಯರಂಥ ಹುಲ್ಲಲ್ಲಿ ಆಕ್ಸಲೇಟ್ ಇರುತ್ತೆ, ಅದು ಇರೋ ಕ್ಯಾಲ್ಸಿಯಂನೂ ಕಟ್ಟಿ ಹಾಕುತ್ತೆ. ಹಸು ತಡ್ಕೊಳ್ಳುತ್ತೆ, ಅದಕ್ಕೆ ನಾಲ್ಕು ಭಾಗದ ಹೊಟ್ಟೆ, ಅಲ್ಲಿನ ಸೂಕ್ಷ್ಮಜೀವಿಗಳು ಆಕ್ಸಲೇಟನ್ನ ಒಡೀತವೆ. ಕುದುರೆಗೆ ಆ ಭಾಗ್ಯ ಇಲ್ಲ. ಇದನ್ನ ಅಪ್ಪನಿಗೆ ಅರ್ಥ ಮಾಡ್ಸೋಕೆ ನನಗೆ ಒಂದೇ ನಿಮಿಷ ಸಾಕಾಯ್ತು, ಮಣ್ಣು ಹುಳಿ ಇದ್ರೆ ಎಷ್ಟು ಗೊಬ್ಬರ ಹಾಕಿದ್ರೂ ಕಾಫಿ ಗಿಡ ತಗೊಳಲ್ಲ, ಮೊದ್ಲು ಸುಣ್ಣ ಹಾಕ್ಬೇಕು ಅಲ್ವಾ ಅಂದೆ. "ಹಾಗೆ ಹೇಳು ಮತ್ತೆ" ಅಂದ್ರು. ಹಾಗಂತ ತೋಟದ ಸುಣ್ಣದ ಮೂಟೆಗೆ ಕೈ ಹಾಕ್ಬೇಡಿ, ಮೇವಿಗೆ ಹಾಕೋ ಸುಣ್ಣಕಲ್ಲಿನ ಪುಡಿ ಬೇರೆ ಸಿಗುತ್ತೆ, ಅಳತೆ ಡಾಕ್ಟ್ರು ಹೇಳ್ಬೇಕು.

ಬೂಸಾ ಒಂದೇ ಹಿಡಿಗೆ ಇಳಿಸಿದ್ವಿ. ಕುಶಾಲನಗರದ ಕಡೆ ಒಣ ಜಾಗದಲ್ಲಿ ಒಬ್ಬ ರೈತರು ಕುದುರೆ ಮಸಾಲೆ ಸೊಪ್ಪು ಬೆಳೀತಾರೆ, ಲೂಸರ್ನ್ ಅಂತಾರಲ್ಲ ಅದೇ, ಕನ್ನಡದ ಹೆಸ್ರಲ್ಲೇ ಕುದುರೆ ಇದೆ ನೋಡಿ, ಹಳಬರಿಗೆ ಗೊತ್ತಿತ್ತು. ಅದರಲ್ಲಿ ಕ್ಯಾಲ್ಸಿಯಂ ಧಾರಾಳ, ಒಳ್ಳೇ ಪ್ರೋಟೀನ್ ಕೂಡ. ಒಣಗಿಸಿದ್ದು ವಾರಕ್ಕೊಂದು ಮೂಟೆ ತರಿಸ್ತೀನಿ. ದಿನಾ ಎರಡು ಹಿಡಿ ಅಗಸೆ ಪುಡಿ. ಡಾಕ್ಟ್ರು ಬರೆದುಕೊಟ್ಟಿದ್ದು ಸತು ಮತ್ತು ತಾಮ್ರ ಇರೋ ಕುದುರೆ ಮಿನರಲ್ ಪುಡಿ, ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಬಯೋಟಿನ್ ಅನ್ನೋ ವಿಟಮಿನ್. 500 ಕೆಜಿ ಕುದುರೆಗೆ ದಿನಕ್ಕೆ ಸುಮಾರು 400 ಮಿಲಿಗ್ರಾಂ ಸತು, 100 ಮಿಲಿಗ್ರಾಂ ತಾಮ್ರ ಬೇಕಂತೆ, ಬರೀ ಭತ್ತದ ಹುಲ್ಲಲ್ಲಿ ಅದೆಲ್ಲಿಂದ ಬರ್ಬೇಕು. ಕಬ್ಬಿಣದ ಟಾನಿಕ್ ಮಾತ್ರ ಬೇಡವೇ ಬೇಡ ಅಂದ್ರು, ನಮ್ಮ ಕೆಂಪು ಮಣ್ಣಿನ ಹುಲ್ಲು ತಿನ್ನೋ ಪ್ರಾಣಿಗೆ ಕಬ್ಬಿಣದ ಬರ ಏನಿಲ್ಲ. ಸೆಲೆನಿಯಂ ಇರೋ ಎರಡು ಮೂರು ಡಬ್ಬಿ ಒಟ್ಟಿಗೆ ಕೊಟ್ರೆ ಅದೇ ವಿಷ ಆಗಿ ಗೊರಸು ಬಿರಿಯುತ್ತೆ, ಹಾಗಾಗಿ ಒಂದೇ ಡಬ್ಬಿ. ಮತ್ತೆ ಹಸುವಿನ ಫೀಡ್ ಕೊಡೋರಿಗೆ ಒಂದು ಮಾತು: ಕೆಲವು ದನದ ಫೀಡಲ್ಲಿ ಮೊನೆನ್ಸಿನ್ ಅಂತ ಔಷಧಿ ಸೇರ್ಸಿರ್ತಾರೆ, ಹಸುಗೆ ಏನಾಗಲ್ಲ, ಕುದುರೆ ಹೃದಯ ನಿಲ್ಸುತ್ತೆ. ಮೂಟೆ ಅದಲು ಬದಲು ಆಗದ ಹಾಗೆ ನಾನು ಬೇರೆ ರೂಮಲ್ಲೇ ಇಡೋದು.

ನೆಲದ ಕೆಲಸ ಬೇಗ ಹೇಳಿ ಮುಗಿಸ್ತೀನಿ. ಸೊಪ್ಪು ತೆಗೆದು, ಕೊಟ್ಟಿಗೆಗೆ ಇಳಿಜಾರು ಮಾಡಿಸಿ, ರಬ್ಬರ್ ಮ್ಯಾಟ್, ಮೇಲೆ ಮರದ ಮಿಲ್ಲಿಂದ ತಂದ ಹೊಟ್ಟು, ದಿನಾ ಎರಡು ಹೊತ್ತು ಒದ್ದೆ ಜಾಗ ತೆಗೆಯೋದು. ಕಾಫಿ ಹೊಟ್ಟು ಫ್ರೀ ಇದೆಯಲ್ಲ ಅಂತ ಅಪ್ಪ ಅಂದ್ರು, ಅದರಲ್ಲಿ ಕೆಫೀನ್ ಇರುತ್ತೆ, ಕುದುರೆ ಹಾಸಿಗೆಯನ್ನೂ ತಿನ್ನೋ ಪ್ರಾಣಿ, ಬೇಡ ಅಂತ ಡಾಕ್ಟ್ರು ತಡೆದ್ರು. ಹೊರಗೆ ಗೇಟ್ ಹತ್ರ, ನೀರಿನ ತೊಟ್ಟಿ ಹತ್ರ ಅವಳು ನಿಲ್ಲೋ ಜಾಗಕ್ಕೆ ಎರಡು ಲೋಡ್ ಬೇಬಿ ಜಲ್ಲಿ. ಜೋರು ಮಳೆ ದಿನ ಹೊರಗೆ ಬಿಡೋದು ಎರಡೇ ಗಂಟೆ, ಆಮೇಲೆ ಹಳೇ ಗೋದಾಮಿನ ಮಾಡಿನ ಕೆಳಗೆ ಓಡಾಡ್ಕೊಂಡಿರ್ತಾಳೆ. ದಿನಾ ಸಂಜೆ ಕಾಲೆತ್ತಿ ಕೆರೆಯೋದು ನನ್ನ ಕೆಲಸ, ಅದೊಂದನ್ನ ಯಾರಿಗೂ ವಹಿಸಿಲ್ಲ. ಎಣ್ಣೆ ಡಬ್ಬಿಗಳಲ್ಲಿ ಒಂದನ್ನ ಗೇಟಿನ ಬಿಜಾಗರಿಗೆ ಹಾಕಿದೆ, ಚೆನ್ನಾಗಿ ಕೆಲಸ ಮಾಡುತ್ತೆ.

ಆಮೇಲೆ ಕಾಯೋದು. ಮೊದಲ ಎರಡು ತಿಂಗಳು ಏನೂ ಇಲ್ಲ, ಬರೀ ಖರ್ಚು. ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ, ಅಂದ್ರೆ ಸುಮಾರು ಮೂರು ತಿಂಗಳಿಗೆ, ಕೂದಲಂಚಿನಿಂದ ಒಂದೂವರೆ ಬೆರಳಷ್ಟು ಕೆಳಗೆ ಒಂದು ದಿಣ್ಣೆ ಕಾಣ್ತು, ಕೈಯಾಡಿಸಿದ್ರೆ ಗೊತ್ತಾಗುತ್ತೆ, ಅದರ ಮೇಲಿನದು ನುಣ್ಣಗೆ, ಕೆಳಗಿನದು ಒರಟು. ಬದಿಯಿಂದ ನೋಡಿದ್ರೆ ಮೇಲಿನ ಭಾಗ ನೆಟ್ಟಗೆ ಇಳೀತಿದೆ, ಕೆಳಗಿನದು ಹಳೇ ಹಾಗೇ ಮುಂದಕ್ಕೆ ಚಾಚಿದೆ, ಒಂದೇ ಗೊರಸಲ್ಲಿ ಎರಡು ಕುದುರೆ. ಕೈಲ್ ಮುಹೂರ್ತದ ಗೆರೆ ಅಂತ ಹೆಸ್ರಿಟ್ವಿ ಅದಕ್ಕೆ.

ಎಲ್ಲಾ ನೆಟ್ಟಗೆ ಹೋಗ್ಲಿಲ್ಲ. ಜನವರಿ, ಕಾಫಿ ಕುಯ್ಲು ಜೋರಾಗಿದ್ದಾಗ ಒಂದು ಬೆಳಿಗ್ಗೆ ಬಲ ಮುಂಗಾಲನ್ನ ನೆಲಕ್ಕೇ ಇಡ್ತಿಲ್ಲ, ಮೂಳೆ ಮುರಿದಿದೆ ಅಂತ ನಾನು ಅಳೋಕೆ ಶುರು ಮಾಡಿದೆ. ಡಾಕ್ಟ್ರು ಗೊರಸು ಮುಟ್ಟಿ ನೋಡಿದ್ರು, ಸುಡ್ತಿತ್ತು, ಮೇಲೆ ಗಂಟಿನ ಹತ್ರ ನಾಡಿ ಹೊಡ್ಕೊಳ್ತಿರೋದು ನನ್ನ ಬೆರಳಿಗೂ ಸಿಕ್ತು. ಒಳಗೆ ಕೀವು. ಹಳೇ ಬಿಳಿ ಗೆರೆ ಸಡಿಲ ಇದ್ದ ಜಾಗದಿಂದ ಮಣ್ಣು ಒಳಗೆ ಹೋಗಿದ್ದಂತೆ. ಲಾಳ ತೆಗೆದು ಚಾಕುವಲ್ಲಿ ಸಣ್ಣ ದಾರಿ ಮಾಡಿದ್ರೆ ಕಪ್ಪು ನೀರು ಚಿಮ್ತು, ಹತ್ತು ನಿಮಿಷಕ್ಕೆ ಕಾಲೂರಿದ್ಲು. ಧನುರ್ವಾಯು ಇಂಜೆಕ್ಷನ್, ಅದು ಕುದುರೆಗೆ ಬೇಗ ಬರೋ ಕಾಯಿಲೆ, ಮರೀಬಾರ್ದು. ಆಮೇಲೆ ಐದು ದಿನ ಬೆಚ್ಚನೆ ನೀರಲ್ಲಿ ಎಪ್ಸಂ ಉಪ್ಪು ಹಾಕಿ ಕಾಲು ನೆನೆಸಿ, ಒಣಗಿಸಿ, ಮಗುವಿನ ಡೈಪರ್ ಸುತ್ತಿ ಅದರ ಮೇಲೆ ಡಕ್ಟ್ ಟೇಪ್. ಸುಂಟಿಕೊಪ್ಪದ ಮೆಡಿಕಲ್ ಶಾಪಲ್ಲಿ ಡೈಪರ್ ಕೇಳಿದ್ರೆ ಎಷ್ಟು ತಿಂಗಳ ಮಗು ಅಂತ ಕೇಳಿದ್ರು, ನಾನು 430 ಕೆಜಿ ಅಂದೆ.

ಬೇಸಿಗೇಲಿ ಕಾಫಿ ಹೂ ಬಿಡಿಸೋ ಹೂಮಳೆ ಬಿದ್ದಾಗ ಗೆರೆ ಅರ್ಧ ದಾಟಿತ್ತು, ಹೊಸ ಗೋಡೇಲಿ ಚಾಚಾಗೆ ಮೊದಲನೇ ಸಲ ಮೊಳೆ ಸಿಕ್ಕಿದ್ದು ಮೇ ತಿಂಗಳಲ್ಲಿ. "ಈಗ ಖಣ್ ಅಂತಿದೆ ಕೇಳು ಅಮ್ಮ." ಜೂನಿಂದ ಆಗಸ್ಟ್‌ವರೆಗೆ ಆ ವರ್ಷ ಬಿದ್ದಿದ್ದು ಒಂದೇ ಒಂದು ಲಾಳ, ಅದೂ ಅವಳೇ ಹಿಂಗಾಲಲ್ಲಿ ತುಳಿದು ಕಿತ್ತಿದ್ದು. ಕಕ್ಕಡ ಹದಿನೆಂಟರ ಬೆಳಿಗ್ಗೆ ಕಾಲು ಕೆರೆಯುವಾಗ ನೋಡಿದೆ, ಕೈಲ್ ಮುಹೂರ್ತದ ಗೆರೆ ಮೂತಿ ತುದೀಲಿ ಲಾಳದ ಹತ್ರ ಬಂದು ನಿಂತಿದೆ. ಮುಂದಿನ ಸಲ ಚಾಚಾ ಅರ ಹಾಕಿದಾಗ ಅದು ಪುಡಿ ಆಗಿ ಅಂಗಳದಲ್ಲಿ ಬಿತ್ತು, ನಾಯಿ ತಿಂತು. ಗೊರಸಿನ ಚೂರು ಅಂದ್ರೆ ನಮ್ಮ ನಾಯಿಗೆ ಪ್ರಾಣ.

ಈಗ್ಲೂ ಎಡ ಮುಂಗಾಲಿನ ಹೊರಬದೀಲಿ ಮಾರ್ಚ್ ಬಿಸಿಲಿಗೆ ಒಂದು ಸಣ್ಣ ಬಿರುಕು ಬಂದೇ ಬರುತ್ತೆ, ಚಾಚಾ ಅದರ ತುದಿಗೆ ಅಡ್ಡ ಒಂದು ಗೀರು ಹಾಕಿ ನಿಲ್ಸ್ತಾರೆ. ಮಳೆಗಾಲದಲ್ಲಿ ಪುತಲಿ ಸಂದಿ ಎರಡು ದಿನ ಮರೆತ್ರೆ ವಾಸನೆ ಶುರು. ತರೋಬ್ರೆಡ್ ಕಾಲು ಕಾಠಿಯಾವಾಡಿ ಕಾಲು ಆಗಲ್ಲ.

ಹೋದ ಸಲ ಚಾಚಾ ತೆಗೆದ ಲಾಳವನ್ನ ಅಪ್ಪ ಎತ್ತಿಟ್ಕೊಂಡ್ರು, ಗೋದಾಮಿನ ಬಾಗಿಲಿಗೆ ಹೊಡಿಯೋಕೆ. ಅಲ್ಲಿ ಮೊದಲೇ ಒಂದಿದೆ, ಅವಳು ಬಂದ ಮೊದಲನೇ ಮಳೇಲಿ ಕೆಸರಲ್ಲಿ ಸಿಕ್ಕಿದ್ದು. ಜೋಡಿ ಚೆನ್ನಾಗಿರುತ್ತೆ ಅಂತ ಎರಡನ್ನೂ ಅಕ್ಕಪಕ್ಕ ಹೊಡೆದ್ರು, ಹಿಂದಕ್ಕೆ ಸರಿದು ನೋಡಿದ್ರು, ಸೊಟ್ಟ ಹೊಡೆದ್ನಾ ಅಂತ ನನ್ನ ಕೇಳಿದ್ರು. ಸೊಟ್ಟ ಅಲ್ಲ, ಹೊಸದು ಹಳೇದಕ್ಕಿಂತ ಹಿಮ್ಮಡಿ ಕಡೆ ಒಂದು ಬೆರಳು ಅಗಲ. "ಎರಡು ಬೇರೆ ಬೇರೆ ಕುದುರೆದು ಅಂದ್ಕೊಳ್ತಾರಲ್ಲ ಜನ" ಅಂತ ಅಪ್ಪ ಹಳೇದನ್ನ ಕಿತ್ತು ಪಕ್ಕದ ಮನೆಯವ್ರಿಗೆ ಕೊಟ್ಬಿಟ್ರು. ಕಪ್ಪು ಕುದುರೆದಾ ಅಂತ ಅವ್ರು ಕೇಳಿದ್ರಂತೆ, ಅಪ್ಪ ಹೂಂ ಅಂದ್ರಂತೆ.